ಹಳೆಯ ರೇಸ್ ಕಾರಿಗೆ ಫ್ಯುಯೆಲ್ ಸೆಲ್

1960ರ ದಶಕದ ಅನೇಕ ರೇಸ್ ಕಾರುಗಳಲ್ಲಿ ಪೆಟ್ರೋಲ್ ಇರುತ್ತಿದ್ದುದು ಚಾಲಕನ ಎಡಬಲದ ತೆಳು ಅಲ್ಯೂಮಿನಿಯಂ ಟ್ಯಾಂಕುಗಳಲ್ಲಿ. ಅಂಥ ಕಾರನ್ನು ಇಂದು ವಿಂಟೇಜ್ ರೇಸಿಗೆ ಇಳಿಸುವವರು ಆ ಜಾಗದಲ್ಲಿ ಫ್ಯುಯೆಲ್ ಸೆಲ್ ಕೂರಿಸುವುದುಂಟು. ಹೈಡ್ರೋಜನ್‌ನಿಂದ ವಿದ್ಯುತ್ ತಯಾರಿಸುವ ಅದೇ ಹೆಸರಿನ ಸಾಧನ ಬೇರೆ. ಇದು ಅಪಘಾತದಲ್ಲೂ ಸುಲಭವಾಗಿ ಹರಿಯದ ಇಂಧನ ಚೀಲ.

ಹಿನ್ನೆಲೆ

1964ರ ಮೇ 24ರಂದು ಅಮೆರಿಕದ ಷಾರ್ಲೆಟ್‌ನಲ್ಲಿ ನಡೆದ ನ್ಯಾಸ್ಕಾರ್ ಓಟದಲ್ಲಿ ಫೈರ್‌ಬಾಲ್ ರಾಬರ್ಟ್ಸ್ ಅವರ ಕಾರು ಹೊತ್ತಿ ಉರಿಯಿತು. ಸುಟ್ಟಗಾಯಗಳಿಂದ ಅವರು ಜುಲೈ 2ರಂದು ತೀರಿಕೊಂಡರು. ಮೇ 30ರಂದು ಇಂಡಿಯಾನಾಪೊಲಿಸ್ 500ರ ಬೆಂಕಿ ಅಪಘಾತದಲ್ಲಿ ಡೇವ್ ಮೆಕ್‌ಡೊನಾಲ್ಡ್ ಮತ್ತು ಎಡ್ಡಿ ಸ್ಯಾಕ್ಸ್ ಮಡಿದರು. ಬಳಿಕ ಫೈರ್‌ಸ್ಟೋನ್ ಕಂಪನಿ ರೇಸ್ ಕಾರುಗಳಿಗೆ ಸುರಕ್ಷಿತ ಇಂಧನ ಚೀಲ ರೂಪಿಸಿತು. 1970ರಲ್ಲಿ ಫಾರ್ಮುಲಾ ಒನ್‌ನಲ್ಲೂ ಇಂಥ ಚೀಲ ಕಡ್ಡಾಯವಾಯಿತು.

ರಚನೆ

ಗಟ್ಟಿ ನೇಯ್ಗೆಯ ಬಟ್ಟೆಗೆ ರಬ್ಬರ್ ಅಥವಾ ಪಾಲಿಯುರೆಥೇನ್ ಲೇಪಿಸಿ ಚೀಲ ಮಾಡುತ್ತಾರೆ. ಡಿಕ್ಕಿಯಾದಾಗ ಅದು ಒಡೆಯದೆ ಆಕಾರ ಬದಲಿಸಿಕೊಳ್ಳುತ್ತದೆ. ಒಳಗೆ ತುಂಬಿದ ರಂಧ್ರಮಯ ಫೋಮ್ ಪೆಟ್ರೋಲಿನ ಹೊಯ್ದಾಟವನ್ನು ತಗ್ಗಿಸುತ್ತದೆ, ಆವಿ ಸ್ಫೋಟಿಸದಂತೆ ತಡೆಯುತ್ತದೆ. ಹೊರಗೆ ತಗಡಿನ ಪೆಟ್ಟಿಗೆ ಇರುತ್ತದೆ. ಪೈಪುಗಳೆಲ್ಲ ಮೇಲಿನ ಲೋಹದ ಫಲಕದ ಮೂಲಕವೇ ಹಾದುಹೋಗುತ್ತವೆ. ಕಾರು ಮಗುಚಿದರೆ ಗಾಳಿಕೊಳವೆಯ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ.

ಬದಲಾಯಿಸಬೇಕಾದದ್ದು ಯಾವುದು?

ಚೀಲವನ್ನು ಕತ್ತರಿಸಿ ಅಂಟಿಸುವಂತಿಲ್ಲ, ಹೊಸ ತೂತು ಕೊರೆಯುವಂತಿಲ್ಲ. ಹಾಗೆ ಮಾಡಿದರೆ ಅದರ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. ಹೊಂದಿಸಬೇಕಾದದ್ದು ಪೆಟ್ಟಿಗೆ, ಆಧಾರಪಟ್ಟಿ ಮತ್ತು ಪೈಪುಗಳನ್ನು. ಮೊದಲು ರಟ್ಟಿನಲ್ಲಿ ಮಾದರಿ ಮಾಡಿ, ಅದು ಚಾಸಿಯ ಕೊಳವೆಗಳ ನಡುವೆ ತೂರುತ್ತದೆಯೇ, ಎಕ್ಸಾಸ್ಟ್‌ನಿಂದ ದೂರ ಉಳಿಯುತ್ತದೆಯೇ ಎಂದು ನೋಡಬೇಕು. ಸಿದ್ಧ ಅಳತೆಯ ಚೀಲ ಹೊಂದದಿದ್ದರೆ ಆ ಆಕಾರಕ್ಕೇ ತಯಾರಕರಿಂದ ಮಾಡಿಸಬೇಕಾಗುತ್ತದೆ. ಮೂಲ ಟ್ಯಾಂಕಿನ ಹೊರರೂಪ ಉಳಿಯಬೇಕೆನ್ನುವವರು ಅದಕ್ಕೆ ಬಾಗಿಲು ತೆರೆದು, ಚೀಲವನ್ನು ಮಡಚಿ ಒಳಗಿಳಿಸುತ್ತಾರೆ. ಹಳೆಯ ಟ್ಯಾಂಕೇ ಪೆಟ್ಟಿಗೆಯಾಗುತ್ತದೆ.

ಕೂರಿಸುವ ಕ್ರಮ

ಚೀಲಕ್ಕೆ ಎಲ್ಲ ಬದಿಯಿಂದಲೂ ಪೆಟ್ಟಿಗೆಯ ಆಸರೆ ಬೇಕು. ಪೆಟ್ಟಿಗೆ ದೊಡ್ಡದಾಗಿ ಚೀಲ ಚಿಕ್ಕದಾದರೆ ಪೆಟ್ರೋಲಿನ ಭಾರವೆಲ್ಲ ಹೊಲಿಗೆ, ಬೆಸುಗೆಗಳ ಮೇಲೆ ಬೀಳುತ್ತದೆ. ಒಳಗಿನ ರಿವೆಟ್ ತಲೆ, ತಗಡಿನ ಚೂಪು ಅಂಚುಗಳನ್ನು ಉಜ್ಜಿ ನುಣುಪಾಗಿಸಿ ಟೇಪ್ ಹಚ್ಚಬೇಕು. ಗಾಳಿಕೊಳವೆಯ ತುದಿ ಕಾರಿನ ಹೊರಕ್ಕೆ ತೆರೆಯಬೇಕು. ಚಾಲಕ ಮತ್ತು ಟ್ಯಾಂಕಿನ ನಡುವೆ ಬೆಂಕಿತಡೆ ಗೋಡೆ ಇರಬೇಕು. ಪೆಟ್ಟಿಗೆಯನ್ನು ಚಾಸಿಗೆ ಬೆಸೆಯುವ ಬದಲು ಬೋಲ್ಟಿನಿಂದ ಬಿಗಿದರೆ ಮುಂದೆ ಕಾರನ್ನು ಮೂಲರೂಪಕ್ಕೆ ತರುವುದು ಸುಲಭ.

ಆಯಸ್ಸು

ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎ ಮಾನದಂಡದ ಎಫ್‌ಟಿ3, ಎಫ್‌ಟಿ3.5, ಎಫ್‌ಟಿ5 ಚೀಲಗಳ ಮೇಲೆ ತಯಾರಿಕೆಯ ದಿನಾಂಕ ಅಚ್ಚಾಗಿರುತ್ತದೆ. ಅಲ್ಲಿಂದ 5 ವರ್ಷ ಬಳಸಬಹುದು. ತಯಾರಕರು ಪರೀಕ್ಷಿಸಿ ಒಪ್ಪಿದರೆ ಇನ್ನೂ ಗರಿಷ್ಠ 2 ವರ್ಷ. ಫೋಮ್ ಅದಕ್ಕೂ ಮೊದಲೇ ಪುಡಿಯಾಗಿ ಫಿಲ್ಟರ್ ಕಟ್ಟಿಸಬಹುದು. ಎಥೆನಾಲ್ ಬೆರೆತ ಪೆಟ್ರೋಲ್ ಹಾಕುವವರು ಅದನ್ನು ತಾಳುವ ಫೋಮನ್ನೇ ಕೇಳಿ ಪಡೆಯುವುದು ಒಳಿತು.