ಗಡಿಯಂಚಿನ ಕೈಗಾರಿಕಾ ನಗರ ಹೊಸೂರು

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಹೊಸೂರು ಬೆಂಗಳೂರಿನಿಂದ ಆಗ್ನೇಯಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿದೆ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಚಂದಾಪುರ, ಅತ್ತಿಬೆಲೆ ಹಾದು ಗಡಿ ದಾಟಿದರೆ ಜೂಜುವಾಡಿ. ಅಲ್ಲಿಂದಲೇ ಕಾರ್ಖಾನೆಗಳ ಸಾಲು ಶುರುವಾಗುತ್ತದೆ. ರಾಜಧಾನಿ ಚೆನ್ನೈ ಇಲ್ಲಿಂದ 300 ಕಿ.ಮೀ.ಗೂ ಆಚೆ ಇದೆ. ಸರ್ಕಾರಿ ಕೆಲಸಗಳಿಗೆ ಕೃಷ್ಣಗಿರಿ, ಚೆನ್ನೈಗಳತ್ತ ಹೋಗುವ ಜನ ದೊಡ್ಡಾಸ್ಪತ್ರೆ, ಕಾಲೇಜು, ವಿಮಾನ, ಸಗಟು ವ್ಯಾಪಾರಗಳಿಗೆ ಬೆಂಗಳೂರಿಗೇ ಬರುತ್ತಾರೆ.

ನೆಲದ ಲಕ್ಷಣದಲ್ಲಿ ಹೊಸೂರು ಮೈಸೂರು ಪ್ರಸ್ಥಭೂಮಿಯ ಅಂಚು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಹವೆಯೂ ಬೆಂಗಳೂರಿನದೇ. ಊರಿನ ಬೆಟ್ಟದ ಮೇಲೆ ಚಂದ್ರಚೂಡೇಶ್ವರ ದೇವಾಲಯವಿದೆ. ಅದರ ರಥೋತ್ಸವಕ್ಕೆ ಗಡಿಯ ಎರಡೂ ಕಡೆಯ ಜನ ಸೇರುತ್ತಾರೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಇದು ಮೈಸೂರಿನ ಗಡಿಕೋಟೆಯಾಗಿತ್ತು. 1791ರಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯ ಕೋಟೆಯನ್ನು ಹಿಡಿಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಹೊಸೂರು ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಸೇಲಂ ಜಿಲ್ಲೆಗೆ ಸೇರಿತು. ಆಗ ಬಿದ್ದ ಗೆರೆಯೇ ಇಂದಿಗೂ ರಾಜ್ಯದ ಗಡಿ. 1956ರ ಭಾಷಾವಾರು ವಿಂಗಡಣೆಯಲ್ಲೂ ಊರು ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಬಂತು. ಆದರೂ ಬೆಂಗಳೂರಿನ ನಂಟು ಕಡಿಯಲಿಲ್ಲ. 1878ರಲ್ಲಿ ಹತ್ತಿರದ ತೊರಪಳ್ಳಿಯಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿ ಹೊಸೂರಿನ ಶಾಲೆಯಲ್ಲಿ ಕಲಿತು, ಕಾಲೇಜಿಗೆ ಹೋದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ.

ಹೊಸೂರು ಕೈಗಾರಿಕೆಯ ಊರಾದದ್ದು ಸರ್ಕಾರದ ತೀರ್ಮಾನದಿಂದ. ಹಿಂದುಳಿದ ಪ್ರದೇಶಗಳಲ್ಲಿ ಕೈಗಾರಿಕೆ ಬೆಳೆಸಲು ತಮಿಳುನಾಡು ಸರ್ಕಾರ 1971ರಲ್ಲಿ ಸಿಪ್ಕಾಟ್ ನಿಗಮವನ್ನು ಸ್ಥಾಪಿಸಿತು. ಆ ದಶಕದಲ್ಲೇ ನಿಗಮ ಹೊಸೂರಿನ ಬಯಲನ್ನು ಕಾರ್ಖಾನೆಗಳಿಗಾಗಿ ಆರಿಸಿಕೊಂಡಿತು. ಇದು ಬಹಳ ಜಾಣತನದ ಆಯ್ಕೆ. ಎಚ್‌ಎಂಟಿ, ಬಿಇಎಲ್‌ನಂಥ ಸಂಸ್ಥೆಗಳಿಂದಾಗಿ ಬೆಂಗಳೂರಿನಲ್ಲಿ ನುರಿತ ಯಂತ್ರಕರ್ಮಿಗಳೂ ಬಿಡಿಭಾಗ ತಯಾರಕರೂ ಬೆಳೆದಿದ್ದರು. ಆ ನೈಪುಣ್ಯ ಕೈಗೆಟಕುವ ದೂರದಲ್ಲಿ, ಕಡಿಮೆ ಬೆಲೆಯ ಜಮೀನೂ ಸಹಾಯಧನವೂ ಸಿಗುವ ಜಾಗ ಹೊಸೂರಾಗಿತ್ತು. 1980ರ ಸುಮಾರಿಗೆ ಅಶೋಕ್ ಲೇಲ್ಯಾಂಡ್‌ನ ಲಾರಿ ಕಾರ್ಖಾನೆ ಬಂತು. ಟಿವಿಎಸ್ 50 ಮೊಪೆಡ್ ಇಲ್ಲಿಂದ ರಸ್ತೆಗಿಳಿಯಿತು. ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ನಿಗಮ ಕೂಡಿ ಕಟ್ಟಿದ ಟೈಟನ್, ಹಳ್ಳಿಗಾಡಿನ ಶಾಲೆಗಳಿಂದ ಹೊರಬಂದ ಹುಡುಗ ಹುಡುಗಿಯರನ್ನು ಆರಿಸಿ, ತರಬೇತಿ ಕೊಟ್ಟು ಗಡಿಯಾರದ ಕೆಲಸಕ್ಕೆ ಕೂರಿಸಿತು. ಹೊಸೂರಿನ ಚರಿತ್ರೆಯಲ್ಲಿ ಹೆಮ್ಮೆಪಡಬೇಕಾದ ಅಧ್ಯಾಯವಿದು. ಟೈಟನ್‌ನ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ, ಗಡಿಯಾರ ಕಾರ್ಖಾನೆ ಹೊಸೂರಿನಲ್ಲಿ. ಬೆಂಗಳೂರಿನಲ್ಲಿ ಬೆಳೆದ ಏಥರ್ ವಿದ್ಯುತ್ ಸ್ಕೂಟರ್ ಕಂಪನಿಯ ತಯಾರಿಕೆಯೂ 2021ರಲ್ಲಿ ಇಲ್ಲಿಗೆ ಬಂತು. ದೊಡ್ಡ ಕಾರ್ಖಾನೆಗಳ ಸುತ್ತ ಎರಕ, ಲೇತ್ ಕೆಲಸ, ಬಿಡಿಭಾಗಗಳ ಸಣ್ಣ ಘಟಕಗಳು ಹಬ್ಬಿವೆ.

ಕೆಲಸಗಾರರ ಓಡಾಟ ಎರಡೂ ದಿಕ್ಕಿಗಿದೆ. ಬಾಡಿಗೆಯೂ ಅಡ್ವಾನ್ಸೂ ಕಡಿಮೆಯೆಂದು ಹೊಸೂರಿನಲ್ಲಿ ಮನೆ ಮಾಡಿಕೊಂಡವರು ಬೊಮ್ಮಸಂದ್ರ, ಜಿಗಣಿ, ಎಲೆಕ್ಟ್ರಾನಿಕ್ ಸಿಟಿಗಳಿಗೆ ದುಡಿಯಲು ಹೋಗುತ್ತಾರೆ. ಬೆಂಗಳೂರಿನ ಎಂಜಿನಿಯರುಗಳು ಕಂಪನಿ ಬಸ್ಸಿನಲ್ಲಿ ಸಿಪ್ಕಾಟ್‌ಗೆ ಬರುತ್ತಾರೆ. ಪಾಳಿ ಬದಲಾಗುವ ಹೊತ್ತಿಗೆ ಅತ್ತಿಬೆಲೆಯ ಟೋಲ್ ಬಳಿ ವಾಹನಗಳು ಕಿಕ್ಕಿರಿಯುತ್ತವೆ. ಬೇರೆ ದಿನ ಕಣ್ಣಿಗೇ ಬೀಳದ ಗಡಿ ಬಿಕ್ಕಟ್ಟಿನಲ್ಲಿ ಗೋಡೆಯಂತೆ ಎದ್ದು ನಿಲ್ಲುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆಯಾದಾಗ ಎರಡೂ ರಾಜ್ಯಗಳ ಬಸ್ಸುಗಳು ಗಡಿಯಲ್ಲೇ ನಿಂತವು. ಪ್ರಯಾಣಿಕರು ಗಂಟುಮೂಟೆ ಹೊತ್ತು ಜೂಜುವಾಡಿಗೂ ಅತ್ತಿಬೆಲೆಗೂ ನಡೆದರು. 2020ರ ಲಾಕ್‌ಡೌನ್‌ನಲ್ಲಿ ಗಡಿ ದಾಟಲು ಇ-ಪಾಸ್ ಬೇಕಾಯಿತು.

ರೈಲಿನ ಕಥೆ ಬೇರೆ. ಧರ್ಮಪುರಿಯಿಂದ 1913ರಲ್ಲಿ ಬಂದ ನ್ಯಾರೋಗೇಜ್ ಹಳಿ ಹೊಸೂರಿನಲ್ಲೇ ಮುಗಿಯುತ್ತಿತ್ತು, ಬೆಂಗಳೂರನ್ನು ಮುಟ್ಟಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅದೂ ಮುಚ್ಚಿತು. ಬೆಂಗಳೂರು–ಸೇಲಂ ಮಾರ್ಗ ಹೊಸೂರಿನ ಮೂಲಕ ಹಾದದ್ದು ಸ್ವಾತಂತ್ರ್ಯಾನಂತರ. ಬೆಂಗಳೂರು ಮೆಟ್ರೊದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಗಿ ಬೊಮ್ಮಸಂದ್ರದವರೆಗೆ ಬಂದಿದೆ. ಅಲ್ಲಿಂದ ಮುಂದಕ್ಕೆ ಬಸ್ಸನ್ನೇ ಹಿಡಿಯಬೇಕು.

ಕಾರ್ಖಾನೆಗಳ ಆಚೆ ಬಾಗಲೂರು, ಬೇರಿಗೆ, ತಳಿ ಊರುಗಳ ಕಡೆ ಹಸಿರುಮನೆಗಳಲ್ಲಿ ಗುಲಾಬಿ ಬೆಳೆಯುತ್ತಾರೆ. ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ಕೆಂಪು ‘ತಾಜ್‌ಮಹಲ್’ ತಳಿಯ ಹೂವು ಹೊರದೇಶಕ್ಕೂ ಹೋಗುತ್ತದೆ. ತೋಟಗಳಿಗೆ ಆಸರೆಯಾದ ದಕ್ಷಿಣ ಪಿನಾಕಿನಿ ಮಾತ್ರ ಬೆಂಗಳೂರಿನ ಕೊಳೆಯನ್ನೂ ಹೊತ್ತು ತರುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದ ನೀರು ಈ ಹೊಳೆಯನ್ನೇ ಸೇರುವುದರಿಂದ ಮಳೆ ಬಂದಾಗ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ನೊರೆ ಉಕ್ಕುತ್ತದೆ. ಬೆಂಗಳೂರು ತನ್ನ ಚರಂಡಿ ನೀರನ್ನು ಶುದ್ಧಮಾಡದೆ ಈ ಅನ್ಯಾಯ ನಿಲ್ಲದು. ಕುಡಿಯಲು ಹೊಸೂರಿಗೆ ಹೊಗೆನಕಲ್ ಯೋಜನೆಯಿಂದ ಕಾವೇರಿ ನೀರು ಬರುತ್ತದೆ.

2011ರ ಜನಗಣತಿಯಲ್ಲಿ ಪುರಸಭೆಯ ಜನಸಂಖ್ಯೆ ಸುಮಾರು 1.17 ಲಕ್ಷ. ಆಮೇಲೆ ಸುತ್ತಲಿನ ಊರುಗಳೂ ಸೇರಿದವು. 2019ರಲ್ಲಿ ನಗರ ಮಹಾನಗರ ಪಾಲಿಕೆಯಾಯಿತು. ತೆಲುಗು ಮತ್ತು ಕನ್ನಡ ಈ ಸೀಮೆಯ ಹಳೆಯ ಮನೆಮಾತುಗಳು. ಕಾರ್ಖಾನೆಗಳ ಜೊತೆ ತಮಿಳು ಹೆಚ್ಚಿತು, ಈಚೆಗೆ ಹಿಂದಿಯೂ ಬಂದಿದೆ. ಸಂತೆಯಲ್ಲಿ ಒಬ್ಬನೇ ವ್ಯಾಪಾರಿ ಮೂರು ಭಾಷೆಗಳಲ್ಲಿ ಬೆಲೆ ಹೇಳುವುದು ಇಲ್ಲಿ ಸಹಜ. ಹೊಸೂರು, ಡೆಂಕಣಿಕೋಟೆ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ನಡೆದುಬಂದಿವೆ. ಶಾಲೆಗಳಲ್ಲಿ ತಮಿಳು ಕಲಿಕೆಯನ್ನು ಕಡ್ಡಾಯಗೊಳಿಸಿದ 2006ರ ಕಾಯ್ದೆ ಈ ಶಾಲೆಗಳ ಮಕ್ಕಳಿಗೂ ಅನ್ವಯಿಸುತ್ತದೆ. ತಾಯಿನುಡಿಯಲ್ಲೂ ಪರೀಕ್ಷೆ ಬರೆದು ಅದರ ಅಂಕ ಪಡೆಯುವ ಅವಕಾಶ ಬೇಕೆಂದು ಇಲ್ಲಿಯ ಭಾಷಾ ಅಲ್ಪಸಂಖ್ಯಾತರು ಸರ್ಕಾರವನ್ನೂ ನ್ಯಾಯಾಲಯವನ್ನೂ ಕೇಳುತ್ತ ಬಂದಿದ್ದಾರೆ.