ಫುಸ್ತಾತಿನ ರೊಟ್ಟಿ, ಮಂಗಳೂರಿನ ಕಂಚು

ಯೆಹೂದಿಗಳೆಂದ ಕೂಡಲೇ ನಮ್ಮ ಶಂಕರನಾರಾಯಣದ ಕಡೆಯವರಿಗೆ ನೆನಪಾಗುವುದು ಚರಿತ್ರೆಯ ಪಠ್ಯದಲ್ಲಿ ಬರುವ ಹಿಟ್ಲರನ ಅಧ್ಯಾಯ. ಅದು ತಪ್ಪಿದರೆ ಷೇಕ್ಸ್‌ಪಿಯರನ ನಾಟಕದಲ್ಲಿ ಬರುವ ಬಡ್ಡಿಯ ಶೈಲಾಕ್. ನಾನು ಪಾಠ ಹೇಳಿದ ಮಕ್ಕಳೂ ಇಷ್ಟನ್ನೇ ಕಲಿತು ಹೋದರು. ಪಠ್ಯದಲ್ಲಿ ಇದಕ್ಕಿಂತ ಹೆಚ್ಚಿರಲಿಲ್ಲ. ಆದರೆ ಈ ಜನರ ಚರಿತ್ರೆಯ ಒಂದು ಎಳೆ ನಮ್ಮ ಮಂಗಳೂರಿನವರೆಗೆ ಬಂದು, ಇಲ್ಲಿಯ ಅಡಿಕೆ, ಮೆಣಸು, ಕಂಚುಗಳಲ್ಲಿ ಸುತ್ತಿಕೊಂಡು ಮರಳಿ ಹೋಗಿದೆ. ಅದನ್ನು ಹಿಡಿದು ನಡೆದರೆ, ಒಂದು ಚಿಕ್ಕ ಸಮಾಜವು ತನ್ನ ಬಡವರಿಗೆ ಅನ್ನ, ಉದ್ಯೋಗ, ವಿದ್ಯೆ ಒದಗಿಸಲು ಮಾಡಿಕೊಂಡಿದ್ದ ಏರ್ಪಾಡು ಕಾಣುತ್ತದೆ. ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಸ್ವಲ್ಪ ಸಾವಧಾನದಿಂದ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲು ಆಧಾರದ ವಿಚಾರ. ಕಾಗದದ ಚೂರಿಗೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವವರು ನಾವು. ಜೀರ್ಣವಾದ ತಾಳೆಗರಿಗಳನ್ನು ಹೊಳೆಗೆ ಬಿಡುತ್ತಿದ್ದವರು ನಮ್ಮ ಹಿರಿಯರು. ಯೆಹೂದಿಗಳಲ್ಲಿಯೂ ದೇವರ ಹೆಸರಿರುವ ಬರಹವನ್ನು ನಾಶಮಾಡಬಾರದೆಂಬ ನಿಯಮವಿದೆ. ಹಳೆಯ ಕೈರೋ ಎನಿಸಿದ ಫುಸ್ತಾತ್ ಪಟ್ಟಣದ ಬೆನ್ ಎಜ್ರಾ ಸಿನಗಾಗಿನವರು ಇಂಥ ಕಾಗದಗಳನ್ನು ಒಂದು ಕೋಣೆಗೆ ಹಾಕುತ್ತ ಬಂದರು. ಆ ಕೋಣೆಗೆ ಗೆನಿಜಾ ಎಂದು ಹೆಸರು. ಶಾಸ್ತ್ರಗ್ರಂಥಗಳ ಜೊತೆಗೆ ವ್ಯಾಪಾರದ ಪತ್ರ, ಬಾಡಿಗೆಯ ಲೆಕ್ಕ, ಮದುವೆಯ ಕರಾರು, ಮಕ್ಕಳ ಅಕ್ಷರಾಭ್ಯಾಸದ ಹಾಳೆ ಎಲ್ಲವೂ ಅಲ್ಲಿ ಸೇರಿದವು. ಈಜಿಪ್ಟಿನ ಒಣಹವೆಯಲ್ಲಿ ಸುಮಾರು ಸಾವಿರ ವರ್ಷ ಉಳಿದುವು. (ನಮ್ಮ ಮಳೆಗಾಲದಲ್ಲಿ ಹತ್ತು ವರ್ಷ ಉಳಿಯುತ್ತಿರಲಿಲ್ಲ!) ಸೊಲೊಮನ್ ಶೆಕ್ಟರ್ ಎಂಬ ವಿದ್ವಾಂಸರು 1896–97ರಲ್ಲಿ ಅಲ್ಲಿಗೆ ಹೋಗಿ ಅದರ ಬಹುಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು. ಎಸ್. ಡಿ. ಗೊಯಿಟೈನ್ ಎಂಬವರು ಈ ಚೂರುಗಳನ್ನು ಜೋಡಿಸಿ ಓದುವುದರಲ್ಲಿ ದಶಕಗಳನ್ನು ಕಳೆದರು.

ಆ ಕಾಗದಗಳಲ್ಲಿ ನನ್ನನ್ನು ಅತಿಯಾಗಿ ಸೆಳೆದದ್ದು ರೊಟ್ಟಿಯ ಪಟ್ಟಿಗಳು. 11, 12ನೆಯ ಶತಮಾನಗಳ ಫುಸ್ತಾತಿನಲ್ಲಿ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಸಮುದಾಯದ ವತಿಯಿಂದ ಬಡವರಿಗೆ ರೊಟ್ಟಿ ಹಂಚುತ್ತಿದ್ದರು. ಯಾರಿಗೆ ಎಷ್ಟು ಎಂಬುದನ್ನು ಹೆಸರು ಹಿಡಿದು ಬರೆದಿಡುತ್ತಿದ್ದರು. ಕುರುಡರು, ಕುಂಟರು, ವಿಧವೆಯರು, ಗಂಡ ದೇಶಾಂತರ ಹೋದ ಹೆಂಗಸರು, ಯುದ್ಧಕ್ಕೋ ಬರಕ್ಕೋ ಊರು ಬಿಟ್ಟು ಬಂದ ಪರದೇಶಿಗಳು ಎಲ್ಲರೂ ಅದರಲ್ಲಿದ್ದಾರೆ. ಖರ್ಚಿಗೆ ಚಂದಾ ಎತ್ತುತ್ತಿದ್ದರು. ಅದಲ್ಲದೆ ಧರ್ಮಕ್ಕಾಗಿ ಬಿಟ್ಟುಕೊಟ್ಟ ಮನೆಗಳ ಬಾಡಿಗೆ ಬರುತ್ತಿತ್ತು. ನಮ್ಮ ದೇವಸ್ಥಾನಗಳ ಉಂಬಳಿಯಂಥ ವ್ಯವಸ್ಥೆ. ಕಡಲ್ಗಳ್ಳರು ಹಿಡಿದ ಯೆಹೂದಿಯನ್ನು ಬಿಡಿಸುವ ಹೊಣೆಯೂ ಸಮುದಾಯದ್ದೇ. ಮೂವರಿಗೆ 100 ದಿನಾರು, ಎಂದರೆ ಒಬ್ಬನಿಗೆ 33 ಚಿಲ್ಲರೆ, ಎಂಬುದು ರೂಢಿಯ ದರ. ತಿಂಗಳಿಗೆ 2 ದಿನಾರು ಸಾಧಾರಣ ಸಂಸಾರವೊಂದಕ್ಕೆ ಸಾಕಾಗುತ್ತಿದ್ದ ಕಾಲವದು. ಲೆಕ್ಕ ಹಾಕಿ ನೋಡಿ: ಗುರುತಿಲ್ಲದ ಒಬ್ಬ ಸೆರೆಯಾಳಿಗಾಗಿ ಒಂದು ಸಂಸಾರದ 16 ತಿಂಗಳ ಅನ್ನವನ್ನು ಒಟ್ಟುಗೂಡಿಸಬೇಕಿತ್ತು.

ಸಹಾಯ ಬೇಡಿ ಬರೆದ ಪತ್ರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಕೆಟ್ಟು ಬಡವರಾದ ಮರ್ಯಾದಸ್ಥರನ್ನು ಅರಬ್ಬಿಯಲ್ಲಿ ‘ಮಸ್ತೂರ್’, ಎಂದರೆ ಮುಚ್ಚಿಕೊಂಡವರು ಎನ್ನುತ್ತಿದ್ದರು. ಕೈಯೊಡ್ಡುವುದಕ್ಕೆ ‘ಮುಖದ ಮುಸುಕು ತೆಗೆಯುವುದು’ ಎಂದು ಹೆಸರು. ಮಾನ ಮುಚ್ಚಿಕೊಂಡು ಬದುಕುವುದೆಂದು ನಾವೂ ಹೇಳುತ್ತೇವಲ್ಲ! ಮಧ್ಯಾಹ್ನದ ಬಿಸಿಯೂಟ ಇಲ್ಲದಿದ್ದ ಆ ವರ್ಷಗಳಲ್ಲಿ ಬುತ್ತಿ ತರಲಾಗದ ಹುಡುಗರು ಊಟದ ಗಂಟೆಗೆ ಮೆಲ್ಲನೆ ಗುಡ್ಡದ ಕಡೆ ಸರಿಯುತ್ತಿದ್ದರು. ಕರೆದು ಕೇಳಿದರೆ “ಹಸು ಇಲ್ಲೆ ಮಾಷ್ಟ್ರೇ” ಎಂಬುದೇ ಉತ್ತರ. ಆ ಉತ್ತರ ಕೇಳಿದವರಿಗೆ ಫುಸ್ತಾತಿನ ಮಸ್ತೂರರನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ವಿದ್ಯೆ. ಉಳ್ಳವರ ಮಕ್ಕಳಿಗೆ ತಂದೆತಾಯಿ ಶುಲ್ಕ ಕೊಡುತ್ತಿದ್ದರು. ಅನಾಥರ ಮತ್ತು ಬಡವರ ಮಕ್ಕಳಿಗಾಗಿ ಸಮುದಾಯದ ನಿಧಿಯಿಂದ ಉಪಾಧ್ಯಾಯರಿಗೆ ಹಣ ಸಲ್ಲುತ್ತಿತ್ತು. ಹಾಗೆಂದು ಉಪಾಧ್ಯಾಯರು ಸುಖವಾಗಿದ್ದರೆಂದಲ್ಲ. ನೆರವು ಪಡೆಯುವವರ ಸಾಲಿನಲ್ಲಿ ಅವರೂ ಸೇರಿಕೊಂಡಿರುತ್ತಿದ್ದರು. ಈ ವೃತ್ತಿಯ ಹಣೆಬರಹ ಎಲ್ಲ ದೇಶಗಳಲ್ಲಿಯೂ ಒಂದೇ ಎನಿಸಿ ನನಗೆ ನಗು ಬಂತು. ತಾಲ್ಮುದಿನಲ್ಲಿ ಒಂದು ವಿಧಿಯಿದೆ: ಒಬ್ಬ ಉಪಾಧ್ಯಾಯನಿಗೆ 25 ಮಕ್ಕಳು, 40 ಆದರೆ ಒಬ್ಬ ಸಹಾಯಕ, 50 ಆದರೆ ಇಬ್ಬರು ಉಪಾಧ್ಯಾಯರು. ಒಂದೊಂದು ವಿಭಾಗದಲ್ಲಿ ಅರುವತ್ತು ಎಪ್ಪತ್ತು ಮಕ್ಕಳನ್ನು ಕೂರಿಸಿ ಸಮಾಜ ಪಾಠ ಹೇಳಿದ ನಾನು ಈ ವಿಧಿಯನ್ನು ಓದಿ ನಿಟ್ಟುಸಿರುಬಿಟ್ಟೆ. ಯೆಮನ್ ದೇಶದ ಯೆಹೂದಿ ಮಕ್ಕಳು ಪುಸ್ತಕವನ್ನು ತಲೆಕೆಳಗಾಗಿಯೂ ಪಕ್ಕದಿಂದಲೂ ಸರಾಗವಾಗಿ ಓದಬಲ್ಲವರಾಗಿದ್ದರು. ಇದ್ದ ಒಂದೇ ಪುಸ್ತಕದ ಸುತ್ತ ಕುಳಿತು ಕಲಿಯುತ್ತಿದ್ದುದೇ ಅದಕ್ಕೆ ಕಾರಣ. ಫುಸ್ತಾತಿನಲ್ಲಿ ಸುಮಾರು 1100ರಲ್ಲಿ ಬದುಕಿದ್ದ ವುಹ್ಶಾ ಎಂಬ ಸಿರಿವಂತ ವ್ಯಾಪಾರಿ ಹೆಂಗಸು ತನ್ನ ಮರಣಶಾಸನದಲ್ಲಿ ಸಿನಗಾಗುಗಳ ದೀಪದ ಎಣ್ಣೆಗೆ ಹಣ ಬಿಟ್ಟಳು. ಜನರು ರಾತ್ರಿ ಕುಳಿತು ಓದಲಿ ಎಂಬುದು ಅವಳ ಇಚ್ಛೆ.

ಇಷ್ಟಕ್ಕೆಲ್ಲ ಹಣ ಎಲ್ಲಿಂದ ಬರುತ್ತಿತ್ತೆಂದು ಕೇಳುವುದು ಸಹಜ. ಬಹುಪಾಲು ವ್ಯಾಪಾರದಿಂದ, ಅದರಲ್ಲಿಯೂ ಲಾಭದ ದೊಡ್ಡ ಭಾಗ ಹಿಂದೂದೇಶದ ವ್ಯಾಪಾರದಿಂದ. ಇಲ್ಲಿ ನಮ್ಮ ಕರಾವಳಿ ಕಥೆಯೊಳಗೆ ಬರುತ್ತದೆ.

ಈಗಿನ ಟ್ಯುನೀಶಿಯಾದ ಮಹ್ದಿಯಾ ಎಂಬ ಊರಿನ ಅಬ್ರಹಾಂ ಬೆನ್ ಯಿಜು ಎಂಬವನು ಏಡನ್ನಿನ ಮಾರ್ಗವಾಗಿ ಸುಮಾರು 1132ರಲ್ಲಿ ಮಂಗಳೂರಿಗೆ ಬಂದನು. ಅದು ತುಳುನಾಡಿನಲ್ಲಿ ಆಳುಪ ಅರಸರ ಕಾಲ. ಅವನು ಇಲ್ಲಿಯೇ ಸುಮಾರು 17 ವರ್ಷ ಸಂಸಾರ ಹೂಡಿದನು. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸಿದನು. ಅವನ ಕಂಚಿನ ಕಾರ್ಖಾನೆಯಲ್ಲಿ ಯೆಹೂದಿ ಕುಶಲಕರ್ಮಿಗಳೂ ಇಲ್ಲಿಯ ಕುಶಲಕರ್ಮಿಗಳೂ ದುಡಿಯುತ್ತಿದ್ದರು. ಏಡನ್ನಿನವರು ಒಡೆದ ಹಳೆಯ ಪಾತ್ರೆಗಳನ್ನೂ ತಾಮ್ರವನ್ನೂ ತೂಕ ಬರೆದು ಹಡಗಿಗೆ ಹಾಕುವರು. ಇಂಥ ದೀಪ, ಇಂಥ ತಟ್ಟೆ, ಇಷ್ಟು ಅಗಲ ಎಂದು ಪತ್ರದಲ್ಲಿ ವಿವರಿಸುವರು. ಇಲ್ಲಿ ಕರಗಿಸಿ ಎರಕ ಹೊಯ್ದು ಕಳುಹಿಸಬೇಕು. ಅಲ್ಲಿಂದ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ, ಸಾಬೂನು ಬರುತ್ತಿದ್ದುವು.

ಬೆನ್ ಯಿಜು ಅಶು ಎಂಬ ಇಲ್ಲಿಯ ದಾಸಿಯನ್ನು 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿಯೇ ಪತ್ರ ಬರೆದು ದಾಸ್ಯದಿಂದ ಬಿಡಿಸಿದನು; ಅವಳೇ ಅವನ ಮಕ್ಕಳ ತಾಯಿಯೆಂದು ವಿದ್ವಾಂಸರು ಎಣಿಸುತ್ತಾರೆ. ಅವನಿಗೆ ಬೊಮ್ಮ ಎಂಬ ಆಳೊಬ್ಬನಿದ್ದನು. ಯಜಮಾನನ ಸರಕಿನೊಡನೆ ಏಡನ್ನಿಗೆ ಹೋಗಿ ವ್ಯವಹಾರ ಮುಗಿಸಿ ಬರುವಷ್ಟು ನಂಬಿಕೆಯವನು. ಅಲ್ಲಿ ಕುಡಿದು ಹಣ ಕಳೆದನೆಂಬ ದೂರು ಹೊತ್ತವನೂ ಹೌದು. ಏಡನ್ನಿನ ದೊಡ್ಡ ವರ್ತಕರು ತಮ್ಮ ಪತ್ರಗಳಲ್ಲಿ ಬೊಮ್ಮನಿಗೂ ಕುಶಲ ಬರೆದಿದ್ದಾರೆ. ಅಮಿತಾವ್ ಘೋಷ್ ಇವನನ್ನು ಬೆನ್ನಟ್ಟಿ 1992ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಹೀಬ್ರೂ ಲಿಪಿಯ ಮೂರಕ್ಷರಗಳನ್ನು ‘ಬೊಮ್ಮ’ ಎಂದು ಓದಲು ನೆರವಾದವರು ನಮ್ಮ ಪ್ರೊ. ಬಿ. ಎ. ವಿವೇಕ ರೈ ಅವರು. ಪತ್ರಗಳಲ್ಲಿ ಎಷ್ಟೇ ಕುಶಲ ಬರೆದಿರಲಿ, ಬೊಮ್ಮ ಒಬ್ಬ ದಾಸ. ಸೆರೆಯಾದ ಅಪರಿಚಿತ ಯೆಹೂದಿಯನ್ನು ಹಣ ಕೊಟ್ಟು ಬಿಡಿಸುತ್ತಿದ್ದ ಸಮಾಜದವರು ಪರರ ಮಕ್ಕಳನ್ನು ಹಣ ಕೊಟ್ಟು ಕೊಳ್ಳುತ್ತಲೂ ಇದ್ದರು. ಆ ಕಾಲದ ಯಾವ ದೇಶದವರೂ ಇದಕ್ಕೆ ಹೊರತಲ್ಲ. ಆದರೂ ಇದನ್ನು ಬಿಟ್ಟು ಉಳಿದುದನ್ನಷ್ಟೇ ಹೇಳುವುದು ಚರಿತ್ರೆಯಾಗದು.

1148ರಲ್ಲಿ ಸಿಸಿಲಿಯ ಅರಸನು ಮಹ್ದಿಯಾವನ್ನು ಹಿಡಿದನು. ಬೆನ್ ಯಿಜುವಿನ ಒಡಹುಟ್ಟಿದವರು ದಿಕ್ಕಾಪಾಲಾದರು. 1149ರಲ್ಲಿ ಮಕ್ಕಳೊಡನೆ ಏಡನ್ನಿಗೆ ಮರಳಿದ ಬೆನ್ ಯಿಜು, ನನ್ನಲ್ಲಿ ಎಲ್ಲರಿಗೂ ಸಾಕಾಗುವಷ್ಟಿದೆ, ಬನ್ನಿ ಎಂದು ಅವರಿಗೆ ಬರೆದನು. ತಮ್ಮನೊಬ್ಬನು ಬಂದು ಅವನ ಹಣವನ್ನೇ ಲಪಟಾಯಿಸಿದನು! ಇನ್ನೊಬ್ಬ ತಮ್ಮನ ಮಗನನ್ನು ಕರೆಸಿಕೊಂಡು 1156ರಲ್ಲಿ ಫುಸ್ತಾತಿನಲ್ಲಿ ತನ್ನ ಮಗಳನ್ನು ಕೊಟ್ಟು ಮದುವೆ ಮಾಡಿದನು. ಮಂಗಳೂರಿನ ಸಂಪಾದನೆ ಹೀಗೆ ಮನೆಯವರ ಕಷ್ಟಕ್ಕೆ ಒದಗಿತು.

ಇದೇ ಕಡಲದಾರಿಯನ್ನು ನಂಬಿದ್ದ ಮತ್ತೊಂದು ಮನೆಯ ಕಥೆಯನ್ನು ಹೇಳಬೇಕು. ಕಾರ್ಡೋವಾದಲ್ಲಿ ಹುಟ್ಟಿ ಫುಸ್ತಾತಿನಲ್ಲಿ ನೆಲಸಿದ ಮಹಾಪಂಡಿತ ಮೈಮೊನಿಡೀಸ್ ಶಾಸ್ತ್ರವ್ಯಾಸಂಗದಲ್ಲಿ ಮುಳುಗಿದ್ದಾಗ ಸಂಸಾರ ನಡೆಸುತ್ತಿದ್ದವನು ರತ್ನವ್ಯಾಪಾರಿಯಾದ ಅವನ ತಮ್ಮ ಡೇವಿಡ್. 1170ರ ದಶಕದಲ್ಲಿ ಹಿಂದೂದೇಶಕ್ಕೆ ಹೊರಟ ಡೇವಿಡ್ ನಮ್ಮ ಈ ಕಡಲಿನಲ್ಲಿಯೇ ಮುಳುಗಿ ಸತ್ತನು. ತನ್ನದಲ್ಲದೆ ಅಣ್ಣನ ಮತ್ತು ಪರರ ಹಣವೂ ಅವನೊಡನೆ ಹೋಯಿತು. ಅಣ್ಣ ಸುಮಾರು ಒಂದು ವರ್ಷ ಹಾಸಿಗೆ ಹಿಡಿದನು. ಎದ್ದ ಮೇಲೆ ವೈದ್ಯವೃತ್ತಿಯಿಂದ ಹೊಟ್ಟೆ ಹೊರೆದುಕೊಂಡನು. ಸಲಾದಿನನ ವಜೀರನ ವೈದ್ಯನಾದನು. ಪಂಡಿತರು ದಾನದ ಅನ್ನ ಉಣ್ಣಬಾರದು, ದುಡಿದು ಉಣ್ಣಬೇಕು ಎಂಬುದು ಅವನ ಕಟ್ಟುನಿಟ್ಟಿನ ಮತ.

ಅವನ ಧರ್ಮಶಾಸ್ತ್ರ ಗ್ರಂಥದಲ್ಲಿ ದಾನಕ್ಕೆ 8 ಮೆಟ್ಟಿಲುಗಳಿವೆ. ಮುಖ ಗಂಟಿಕ್ಕಿ ಕೊಡುವುದು ಎಲ್ಲಕ್ಕಿಂತ ಕೆಳಗಿನದು. ಕೇಳಿದ ಮೇಲೆ ಕೊಡುವುದಕ್ಕಿಂತ ಕೇಳುವ ಮೊದಲೇ ಕೊಡುವುದು ಮೇಲು. ಕೊಟ್ಟವನಿಗೆ ಪಡೆದವನೂ ಪಡೆದವನಿಗೆ ಕೊಟ್ಟವನೂ ತಿಳಿಯದಂತೆ ಕೊಡುವುದು ಇನ್ನೂ ಮೇಲು. ಎಲ್ಲಕ್ಕೂ ಮೇಲಿನ ಮೆಟ್ಟಿಲು, ಬೀಳುತ್ತಿರುವವನಿಗೆ ಸಾಲ ಕೊಟ್ಟೋ, ವ್ಯಾಪಾರದಲ್ಲಿ ಪಾಲು ಕೊಟ್ಟೋ, ಉದ್ಯೋಗ ಒದಗಿಸಿಯೋ, ಅವನು ಮತ್ತೆ ಯಾರ ಮುಂದೆಯೂ ಕೈಯೊಡ್ಡದಂತೆ ಮಾಡುವುದು. ಸಮುದಾಯದ ಹುಂಡಿಯ ಹಣವನ್ನು ಇಬ್ಬರಿಗೆ ಕಡಿಮೆಯಿಲ್ಲದೆ ಕೂಡಿ ವಸೂಲು ಮಾಡಬೇಕು, ಮೂವರು ಕುಳಿತು ಹಂಚಬೇಕು ಎಂಬ ನಿಯಮವೂ ಅಲ್ಲಿದೆ. ಸಂಘ-ಸಂಸ್ಥೆಗಳ ಲೆಕ್ಕಪತ್ರ ನೋಡಿದವರಿಗೆ ಇದರ ಬೆಲೆ ಗೊತ್ತು. ಅದೇ ಶತಮಾನದಲ್ಲಿ ನಮ್ಮ ಕಲ್ಯಾಣದಲ್ಲಿ ಬಸವಣ್ಣನವರೂ ಶರಣರೂ ಕಾಯಕವನ್ನೂ ದಾಸೋಹವನ್ನೂ ಒಟ್ಟಿಗೆ ಹೇಳಿದರು. ಅವರಿಗೂ ಇವರಿಗೂ ಸಂಬಂಧ ಕಲ್ಪಿಸುವುದು ಬೇಡ. ಒಂದೇ ಕಾಲದವರೆಂಬುದನ್ನು ಮಾತ್ರ ನೆನಪಿನಲ್ಲಿಡಬಹುದು.

ಮುಂದಿನ ಶತಮಾನಗಳನ್ನು ದಾಟಿ ಮುಂಬಯಿಗೆ ಬರೋಣ. ನಮ್ಮೂರಿನ ಹುಡುಗರೂ ಏಳನೆಯ ತರಗತಿ ಮುಗಿಸಿ ಹೋಟೆಲು ಸೇರಿದ ಪಟ್ಟಣವಲ್ಲವೇ ಅದು. ಕೊಂಕಣದ ಹಳ್ಳಿಗಳಲ್ಲಿ ಬೆನೆ ಇಸ್ರೇಲ್ ಎಂಬ ಯೆಹೂದಿಗಳು ಗಾಣದ ಕಸುಬು ಮಾಡಿಕೊಂಡಿದ್ದರು. ಶನಿವಾರ ಗಾಣ ಹೂಡದ ಕಾರಣ ಊರವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ಅವರಲ್ಲಿ ಸ್ಯಾಮ್ಯುಯೆಲ್ ದಿವೇಕರ್ ಎಂಬವನು ಕಂಪೆನಿಯ ಸೈನ್ಯದಲ್ಲಿದ್ದು ಟಿಪ್ಪುವಿನ ಸೆರೆಯಾಳಾಗಿ ಬದುಕಿ ಬಂದನೆಂದೂ, ಆ ಹರಕೆಗಾಗಿ 1796ರಲ್ಲಿ ಮುಂಬಯಿಯ ಮೊದಲ ಸಿನಗಾಗನ್ನು ಕಟ್ಟಿಸಿದನೆಂದೂ ಅವರ ಪರಂಪರೆ ಹೇಳುತ್ತದೆ. ಆ ಸಮಾಜದವನೇ ಆದ ಹಾಯಿಂ ಸ್ಯಾಮ್ಯುಯೆಲ್ ಕೇಹಿಮ್ಕರ್ 1875ರಲ್ಲಿ ತಮ್ಮವರ ಮಕ್ಕಳಿಗಾಗಿ ಇಸ್ರೇಲಿ ಶಾಲೆಯನ್ನು ತೆರೆದನು.

ಬಾಗ್ದಾದಿನಿಂದ 1830ರ ದಶಕದಲ್ಲಿ ಬಂದ ಡೇವಿಡ್ ಸಸೂನ್ ದೊಡ್ಡ ಶ್ರೀಮಂತ. ಅವನ ಮನೆತನ ಅಫೀಮಿನ ವ್ಯಾಪಾರದಿಂದ ಬಹಳ ಗಳಿಸಿತು, ಅದನ್ನು ಮರೆಯಬಾರದು. ಬಾಗ್ದಾದಿನಿಂದ ಬರಿಗೈಯಲ್ಲಿ ಬಂದ ತನ್ನವರಿಗೆ ಕೋಠಿಗಳಲ್ಲಿ, ಮುಂದೆ ಗಿರಣಿಗಳಲ್ಲಿ ಆ ಮನೆತನ ಕೆಲಸ ಕೊಟ್ಟಿತು; ಶಾಲೆ ನಡೆಸಿತು. ಬಾಗ್ದಾದಿಗಳು ಮಾತ್ರ ಬೆನೆ ಇಸ್ರೇಲರನ್ನು ಸಮಾನರೆಂದು ಎಣಿಸಲಿಲ್ಲ. 1836ರಲ್ಲಿ ಸ್ಮಶಾನದಲ್ಲಿಯೂ ನಡುವೆ ಗೋಡೆ ಬೇಕೆಂದು ಸರಕಾರಕ್ಕೆ ಅರ್ಜಿ ಕೊಟ್ಟರು. ನಮ್ಮ ಊರಿನ ಪಂಕ್ತಿಭೇದ ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹೀಗಿರುವಾಗ ಸಸೂನರ ಸಂಸ್ಥೆಯಲ್ಲಿ ನೌಕರಿಯಿಂದ ಆರಂಭಿಸಿ ಹಾಂಗ್‌ಕಾಂಗ್, ಷಾಂಘಾಯಿಗಳಲ್ಲಿ ಹಣವಂತನಾದ ಬಾಗ್ದಾದಿ ಎಲ್ಲಿ ಕದೂರಿಯ ಕೊಡುಗೆ ಕೇಹಿಮ್ಕರನ ಬೆನೆ ಇಸ್ರೇಲ್ ಶಾಲೆಗೆ ಬಂತು. ಮಝಗಾಂವಿನ ಆ ಶಾಲೆಗೆ ಇಂದಿಗೂ ಅವನ ಹೆಸರೇ ಇದೆ.

1933ರಲ್ಲಿ ಜರ್ಮನಿಯ ಯೆಹೂದಿಗಳು ನೌಕರಿ ಕಳೆದುಕೊಳ್ಳತೊಡಗಿದಾಗ 1934ರಲ್ಲಿ ಮುಂಬಯಿಯಲ್ಲಿ ಯೆಹೂದಿ ಪರಿಹಾರ ಸಂಘ ಹುಟ್ಟಿತು. ಬಂದವರಿಗೆ ಕೆಲಸ ಹುಡುಕುವುದು, ಅವರು ಸರಕಾರಕ್ಕೆ ಹೊರೆಯಾಗದಂತೆ ನೋಡಿಕೊಳ್ಳುವುದು ಅದರ ಹೊಣೆಯಾಗಿತ್ತು. ಹಾಗೆ ನೆಲೆ ತಪ್ಪಿದವರಲ್ಲಿ ಬರ್ಲಿನ್ನಿನ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಒಬ್ಬರು. ಅವರಿಗೆ 1939ರಲ್ಲಿ ಸರಕಾರಿ ವಾಸ್ತುಶಿಲ್ಪಿಯ ಹುದ್ದೆ ಕೊಟ್ಟದ್ದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸಂಸ್ಥಾನ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅವರು ವಿನ್ಯಾಸ ಮಾಡಿದ ಕಟ್ಟಡಗಳಿವೆ. ಅಲ್ಲಿ ಓದಿದ ನನ್ನ ಶಿಷ್ಯರು ನೋಡಿರಬೇಕು.

1948ರ ಬಳಿಕ ಇಸ್ರೇಲ್ ದೇಶಕ್ಕೆ ವಲಸೆ ನಡೆಯಿತು. 1951ರ ಜನಗಣತಿಯಲ್ಲಿ 26,000ಕ್ಕೂ ಮೇಲಿದ್ದ ಭಾರತದ ಯೆಹೂದಿಗಳು 2011ರಲ್ಲಿ 5,000ಕ್ಕೂ ಕಡಿಮೆ. ಕದೂರಿ ಶಾಲೆಯ ಬೆಂಚುಗಳು ವರ್ಷವರ್ಷವೂ ಖಾಲಿಯಾದುವು. ಆದರೆ ಶಾಲೆ ಮುಚ್ಚಲಿಲ್ಲ. ಅಕ್ಕಪಕ್ಕದ ಕೇರಿಗಳ ಮಕ್ಕಳು, ಅವರಲ್ಲಿ ಹೆಚ್ಚಿನವರು ಮುಸಲ್ಮಾನರ ಮಕ್ಕಳು, ಬಂದು ಆ ಬೆಂಚುಗಳಲ್ಲಿ ಕುಳಿತರು.