ಮರದ ಕಳ್ಳು, ಬಾರಿನ ಬಾಟಲಿ: ಗಡಿ ದಾಟಿದರೆ ಬದಲಾಗುವ ಅಬಕಾರಿ ಕಾನೂನು

ತಲಪಾಡಿಯ ಈಚೆಗೂ ಆಚೆಗೂ ಇರುವುದು ಒಂದೇ ಜಾತಿಯ ತೆಂಗಿನ ಮರ. ಮರ ಹತ್ತುವವರ ಮಾತೂ ಹೆಚ್ಚುಕಡಿಮೆ ಒಂದೇ. ಆದರೆ ಮರದಿಂದ ಇಳಿಸಿದ ಕಳ್ಳನ್ನು ಎಲ್ಲಿ ಮಾರಬೇಕು, ಯಾರು ಮಾರಬೇಕು, ಯಾರಿಗೆ ತೆರಿಗೆ ಕಟ್ಟಬೇಕು ಎಂಬ ಕಾನೂನು ಮಾತ್ರ ಎರಡು. ತಾಳವಾಡಿಯಿಂದ ಚಾಮರಾಜನಗರಕ್ಕೆ, ಹೊಸೂರಿನಿಂದ ಆನೇಕಲ್ಲಿಗೆ, ರಾಯದುರ್ಗದಿಂದ ಮೊಳಕಾಲ್ಮೂರಿಗೆ, ಅಕ್ಕಲಕೋಟೆಯಿಂದ ಆಳಂದಕ್ಕೆ ಹೋಗಿ ಬರುವವರ ಅನುಭವವೂ ಇದೇ. ಹೀಗೇಕೆ, ಯಾವ ರಾಜ್ಯದಲ್ಲಿ ಏನು ನಿಯಮ, ಮೂರ್ತೆದಾರರಿಗೂ ಬಾರ್ ಮಾಲೀಕರಿಗೂ ಯಾಕೆ ಹೊಂದಾಣಿಕೆಯಿಲ್ಲ ಎಂಬ ವಿವರ ಇಲ್ಲಿದೆ.

ರಾಜ್ಯಕ್ಕೊಂದು ಕಾನೂನು ಏಕೆ?

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮದ್ಯದ ತಯಾರಿಕೆ, ಸಾಗಾಟ, ಮಾರಾಟ ಮತ್ತು ಅದರ ಮೇಲಿನ ಸುಂಕ ರಾಜ್ಯ ಪಟ್ಟಿಗೆ ಸೇರಿವೆ. 47ನೆಯ ವಿಧಿಯು ಪಾನನಿಷೇಧದತ್ತ ಸಾಗಬೇಕೆಂದು ಸರ್ಕಾರಗಳಿಗೆ ಹೇಳುತ್ತದೆ. ಆದರೆ ಖಜಾನೆಗೆ ಬರುವ ದೊಡ್ಡ ಹಣದಲ್ಲಿ ಅಬಕಾರಿಯದೂ ಒಂದು. ಈ ಎರಡರ ನಡುವೆ ಪ್ರತಿ ರಾಜ್ಯವೂ ತನ್ನದೇ ದಾರಿ ಹಿಡಿದಿದೆ. ಬಾಟಲಿಯ ಮದ್ಯ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಎಣಿಸಲು ಸುಲಭ, ಸುಂಕವೂ ಸರಿಯಾಗಿ ಬರುತ್ತದೆ. ಕಳ್ಳು ಸಾವಿರಾರು ಮರಗಳಿಂದ ಬರುತ್ತದೆ, ಎಣಿಸುವುದು ಕಷ್ಟ. ಜಗಳದ ಮೂಲ ಇಲ್ಲಿದೆ.

ಕಳ್ಳಿನ ಗುಣವೇ ಅದರ ಕಷ್ಟ

ತೆಂಗು, ತಾಳೆ, ಈಚಲು, ಬೈನೆ ಮರಗಳ ರಸ ಇಳಿದ ಕೂಡಲೇ ಸಿಹಿಯಾಗಿರುತ್ತದೆ. ಮಡಕೆಗೆ ಸುಣ್ಣ ಬಳಿದು ಹುಳಿಯದಂತೆ ಇಳಿಸಿದರೆ ಅದು ನೀರಾ. ಹಾಗೇ ಬಿಟ್ಟರೆ ಗಾಳಿಯಲ್ಲಿರುವ ಯೀಸ್ಟ್ ಸೇರಿ ಕೆಲವೇ ಗಂಟೆಗಳಲ್ಲಿ ಹುದುಗಿ ಕಳ್ಳಾಗುತ್ತದೆ. ಮರುದಿನಕ್ಕೆ ಹುಳಿ ಹೆಚ್ಚಿ, ಆಮೇಲೆ ವಿನೆಗರ್ ಆಗುತ್ತದೆ. ಹಾಗಾಗಿ ಅಸಲಿ ಕಳ್ಳನ್ನು ದಾಸ್ತಾನು ಮಾಡಲಾಗದು, ದೂರಕ್ಕೆ ಕಳಿಸಲಾಗದು. ಬಾರಿನ ಬಾಟಲಿ ವರ್ಷಗಟ್ಟಲೆ ಕಪಾಟಿನಲ್ಲಿ ಕೂರುತ್ತದೆ.

ಬೇಡಿಕೆ ಹೆಚ್ಚಾಗಿ ಮರ ಕಡಿಮೆಯಾದಾಗ ಕಲಬೆರಕೆ ಶುರುವಾಗುತ್ತದೆ. ನೀರು, ಸ್ಯಾಕರಿನ್, ಮತ್ತಿಗಾಗಿ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಆಲ್ಪ್ರಜೋಲಾಮ್ ಬೆರೆಸುವ ಪ್ರಕರಣಗಳು ಹಲವು ಬಾರಿ ಸಿಕ್ಕಿಬಿದ್ದಿವೆ. ಇಂಥ ಕಳ್ಳಿಗೆ ಒಗ್ಗಿಕೊಂಡವರು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಕ, ಭ್ರಮೆ, ಫಿಟ್ಸ್ ಬರುತ್ತವೆ. ಸೋಗಲಾಡಿತನವೆಂದು ಬೈಯದೆ ಅಂಥವರನ್ನು ಆಸ್ಪತ್ರೆಗೆ ಸೇರಿಸಬೇಕು.

ಕರ್ನಾಟಕ

1965ರ ಕರ್ನಾಟಕ ಅಬಕಾರಿ ಕಾಯ್ದೆ ಇಲ್ಲಿ ಜಾರಿಯಲ್ಲಿದೆ. ಮರಕ್ಕಿಂತ ಹೆಚ್ಚು ಕಳ್ಳು ಅಂಗಡಿಗೆ ಬರುತ್ತಿದೆ, ರಾಸಾಯನಿಕ ಬೆರೆಯುತ್ತಿದೆ ಎಂಬ ದೂರುಗಳ ನಡುವೆ 2004ರಲ್ಲಿ ಹೆಂಡ ಮಾರಾಟ ನಿಂತಿತು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಿಗೆ ಮಾತ್ರ ವಿನಾಯಿತಿ ಉಳಿಯಿತು. ಅಲ್ಲಿ ಮೂರ್ತೆದಾರರ ಸಹಕಾರಿ ಸಂಘಗಳು ಇಂದಿಗೂ ಇವೆ. 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧವಾಯಿತು. ಸಾರಾಯಿ ಕುಡಿಯುತ್ತಿದ್ದ ಕೂಲಿಕಾರರು ಬಾಟಲಿ ಮದ್ಯದ ಕಡೆಗೆ ತಿರುಗಿದರು, ವೈನ್ ಶಾಪ್ ಮತ್ತು ಬಾರ್‌ಗಳ ವ್ಯಾಪಾರ ಬೆಳೆಯಿತು.

ಇದರ ಮಧ್ಯೆ 2011ರಲ್ಲಿ ಬೆಂಗಳೂರಿನಲ್ಲಿ ಮೊದಲ ಮೈಕ್ರೋಬ್ರೂವರಿ ಬಾಗಿಲು ತೆರೆಯಿತು. ಅಂದರೆ ಗಿರಾಕಿಯ ಎದುರಿಗೇ ಬಿಯರ್ ತಯಾರಿಸಿ ಅಲ್ಲೇ ಬಡಿಸುವ ಜಾಗ. ಹೊರದೇಶದ ಬಾರ್ಲಿ, ಹಾಪ್ಸ್ ತಂದು ನಗರದ ಕಟ್ಟಡದಲ್ಲಿ ಬಿಯರ್ ಕಾಸಲು ಪರವಾನಗಿ ಸಿಗುತ್ತದೆ, ಸ್ವಂತ ತೋಟದ ಈಚಲು ಮರದಿಂದ ಕಳ್ಳು ಇಳಿಸಿದರೆ ಕೇಸು ಬೀಳುತ್ತದೆ ಎಂಬುದು ಈಡಿಗ ಸಮುದಾಯದ ಹಲವರ ಅಳಲು. ಕಳ್ಳಿಗೆ ಮತ್ತೆ ಅವಕಾಶ ಕೊಡಿ ಎಂಬ ಬೇಡಿಕೆ ಈಗಲೂ ಇದೆ. ನೀರಾಕ್ಕೆ ಮಾತ್ರ ಪ್ರತ್ಯೇಕ ನಿಯಮದಡಿ ಅವಕಾಶವಿದೆ.

ಕೇರಳ: ಕಾಸರಗೋಡು, ವಯನಾಡು

ಇಲ್ಲಿ 1996ರ ಏಪ್ರಿಲ್ 1ರಿಂದ ಸಾರಾಯಿ ನಿಷೇಧವಿದೆ. ಕಳ್ಳಿಗೆ ಮಾತ್ರ ಮಾನ್ಯತೆ ಉಳಿದಿದೆ. ಪರವಾನಗಿ ಪಡೆದ ಕಳ್ಳು ಷಾಪುಗಳಲ್ಲಿ ಊಟ, ಮೀನು ಪದಾರ್ಥದ ಜೊತೆ ಕಳ್ಳು ಸಿಗುತ್ತದೆ. ಮರ ಹತ್ತುವವರಿಗೆ 1969ರ ಕಾಯ್ದೆಯ ಪ್ರಕಾರ ಕಳ್ಳು ಕಾರ್ಮಿಕರ ಕ್ಷೇಮನಿಧಿ ಇದೆ. ಬಾಟಲಿ ಮದ್ಯದ ಸಗಟು ವ್ಯಾಪಾರ 1984ರಲ್ಲಿ ಸ್ಥಾಪನೆಯಾದ ಸರ್ಕಾರಿ ಬಿವರೇಜಸ್ ನಿಗಮದ ಕೈಯಲ್ಲಿದೆ.

2014ರಲ್ಲಿ ಪಂಚತಾರಾ ಹೋಟೆಲುಗಳನ್ನು ಬಿಟ್ಟು ಉಳಿದ ಬಾರ್‌ಗಳನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿತು. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ನೀತಿಯನ್ನು ಎತ್ತಿಹಿಡಿಯಿತು. ಸರ್ಕಾರ ಬದಲಾದ ಮೇಲೆ, 2017ರಲ್ಲಿ, ತ್ರಿತಾರಾ ಹೋಟೆಲುಗಳ ಬಾರ್‌ಗಳಿಗೆ ಮತ್ತೆ ದಾರಿ ತೆರೆಯಿತು, ಹೋಟೆಲುಗಳಲ್ಲಿ ಕಳ್ಳು ಬಡಿಸಲೂ ಒಪ್ಪಿಗೆ ಸಿಕ್ಕಿತು. ಆದರೂ ಮರ ಹತ್ತುವ ಯುವಕರು ಕಡಿಮೆಯಾಗುತ್ತಿದ್ದಾರೆ. ರಾಜ್ಯದ ಹಲವು ಷಾಪುಗಳಿಗೆ ಪಾಲಕ್ಕಾಡಿನ ಚಿತ್ತೂರು ಕಡೆಯ ಕಳ್ಳು ಲಾರಿಯಲ್ಲಿ ಬರುತ್ತದೆ.

ತಮಿಳುನಾಡು: ನೀಲಗಿರಿ, ತಾಳವಾಡಿ, ಹೊಸೂರು

1937ರಲ್ಲಿ ರಾಜಾಜಿ ಸರ್ಕಾರ ಸೇಲಂ ಜಿಲ್ಲೆಯಿಂದ ಪಾನನಿಷೇಧ ಆರಂಭಿಸಿತು. 1971ರಲ್ಲಿ ಅದು ಸಡಿಲವಾಯಿತು. ಮುಂದೆ ಕಳ್ಳು, ಸಾರಾಯಿ ಅಂಗಡಿಗಳು ಕೆಲವು ಸಲ ತೆರೆದು, ಕೆಲವು ಸಲ ಮುಚ್ಚಿ, ಕೊನೆಗೆ 1987ರ ಆರಂಭದಿಂದ ನಿಂತೇಹೋದವು. 1983ರಲ್ಲಿ ಶುರುವಾದ ಟಾಸ್ಮಾಕ್ ನಿಗಮ 2003ರ ನವೆಂಬರಿನಿಂದ ಚಿಲ್ಲರೆ ಮಾರಾಟವನ್ನೂ ವಹಿಸಿಕೊಂಡಿತು. ಪಕ್ಕದ ಕೇರಳದಲ್ಲಿ ಕಳ್ಳು ಆಹಾರದಂತೆ ಸಿಗುವಾಗ ನಮ್ಮಲ್ಲಿ ಅಪರಾಧವೇಕೆ ಎಂದು ಅಲ್ಲಿಯ ತೆಂಗು ಬೆಳೆಗಾರರು ಬಹುಕಾಲದಿಂದ ಕೇಳುತ್ತಿದ್ದಾರೆ.

ಆಂಧ್ರ ಮತ್ತು ತೆಲಂಗಾಣ

ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರಿಂದ ಹಬ್ಬಿದ ಚಳವಳಿಯ ಫಲವಾಗಿ 1993ರ ಅಕ್ಟೋಬರಿನಲ್ಲಿ ಸಾರಾಯಿ ನಿಷೇಧವಾಯಿತು. 1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಪೂರ್ಣ ಪಾನನಿಷೇಧ ತಂದಿತು. 1997ರಲ್ಲಿ ಅದು ರದ್ದಾಯಿತು.

2019ರ ಅಕ್ಟೋಬರ್ 1ರಿಂದ ಆಂಧ್ರದಲ್ಲಿ ಸರ್ಕಾರವೇ ಅಂಗಡಿ ನಡೆಸಿತು. 2020ರ ಮೇ ತಿಂಗಳಲ್ಲಿ ಬೆಲೆ ಎರಡು ಕಂತಿನಲ್ಲಿ ಒಟ್ಟು ಶೇ. 75ರಷ್ಟು ಏರಿತು. ಆಗ ಬಳ್ಳಾರಿ, ಪಾವಗಡ ಕಡೆಯಿಂದ ಟೆಟ್ರಾ ಪ್ಯಾಕ್ ಮದ್ಯ ಗಡಿ ದಾಟುವುದು ಹೆಚ್ಚಿತು. ಹೊರರಾಜ್ಯದಿಂದ ಮೂರು ಬಾಟಲಿ ತರಬಹುದೆಂದು ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಹೇಳಿತು. ಅಕ್ಟೋಬರಿನಲ್ಲಿ ಸರ್ಕಾರ ಆದೇಶ ಬದಲಿಸಿ ಆ ಅವಕಾಶವನ್ನು ತೆಗೆದುಹಾಕಿತು. 2024ರ ಅಕ್ಟೋಬರಿನಲ್ಲಿ ಖಾಸಗಿ ಅಂಗಡಿಗಳು ಮತ್ತೆ ಬಂದವು, 99 ರೂಪಾಯಿಯ ಕ್ವಾರ್ಟರ್ ಕೂಡ ಬಂತು.

ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಕಳ್ಳು ಇಳಿಸುವ ಸಮುದಾಯಗಳಿಗೆ ತೆಲಂಗಾಣ 2021ರ ನೀತಿಯಲ್ಲಿ ಶೇ. 15ರಷ್ಟು, ಆಂಧ್ರ ಹೊಸ ನೀತಿಯಲ್ಲಿ ಶೇ. 10ರಷ್ಟು ಮದ್ಯದಂಗಡಿಗಳನ್ನು ಮೀಸಲಿಟ್ಟವು. ಮರದ ಕಸುಬು ಕುಗ್ಗಿದವನಿಗೆ ಬಾಟಲಿಯ ವ್ಯಾಪಾರದಲ್ಲಿ ಪಾಲು ಕೊಟ್ಟಂತಾಯಿತು. ಆದರೆ ಅಂಗಡಿ ಹಿಡಿಯಲು ಬಂಡವಾಳ ಬೇಕು, ಮರ ಹತ್ತುವ ಎಲ್ಲರಿಗೂ ಅದು ಎಟುಕುವುದಿಲ್ಲ. ತೆಲಂಗಾಣದ ಕಳ್ಳು ಅಂಗಡಿಗಳಲ್ಲಿ ಕಲಬೆರಕೆಯ ಭಯವೂ ಹೋಗಿಲ್ಲ. 2025ರ ಜುಲೈಯಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿ ಪ್ರದೇಶದಲ್ಲಿ ಕಲಬೆರಕೆ ಕಳ್ಳು ಕುಡಿದು ಹಲವರು ಸತ್ತರು.

ಮಹಾರಾಷ್ಟ್ರ ಮತ್ತು ಗೋವಾ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಗೆ 1949ರ ಮಹಾರಾಷ್ಟ್ರ ಪಾನನಿಷೇಧ ಕಾಯ್ದೆ ಅನ್ವಯಿಸುತ್ತದೆ. ಹೆಸರು ನಿಷೇಧವೆಂದಿದ್ದರೂ ಪರವಾನಗಿ ಪದ್ಧತಿಯಲ್ಲಿ ದೇಶಿ ದಾರೂ ಅಂಗಡಿಗಳೂ ಬಾರ್‌ಗಳೂ ನಡೆಯುತ್ತವೆ. ಊರಿನ ಹೆಂಗಸರ ಕೈಗೆ ಇಲ್ಲಿ ಒಂದು ಅಸ್ತ್ರವಿದೆ. ನಿಗದಿತ ಸಂಖ್ಯೆಯ ಮಹಿಳಾ ಮತದಾರರು ಅರ್ಜಿ ಕೊಟ್ಟರೆ ಮತದಾನ ನಡೆಯಬೇಕು. ಮತಪತ್ರದಲ್ಲಿ ನಿಂತ ಬಾಟಲಿ, ಮಲಗಿಸಿದ ಬಾಟಲಿಯ ಚಿತ್ರಗಳಿರುತ್ತವೆ. ಒಟ್ಟು ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಲಗಿದ ಬಾಟಲಿಗೆ ಒತ್ತಿದರೆ ಅಂಗಡಿ ಮುಚ್ಚಬೇಕು.

ಗೋವಾ ಬೇರೆಯೇ ದಾರಿ ಹಿಡಿಯಿತು. ಗೋಡಂಬಿ ಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2016ರಲ್ಲಿ ಕಾನೂನು ತಿದ್ದಿ ಅದನ್ನು ಪಾರಂಪರಿಕ ಪಾನೀಯವೆಂದು ಕರೆದರು. ಹಳ್ಳಿಯ ಭಟ್ಟಿಯ ಸರಕಿಗೂ ಮರ್ಯಾದೆ, ಗುಣಮಟ್ಟ ಎರಡನ್ನೂ ಕೊಡಬಹುದೆಂಬುದಕ್ಕೆ ಮೂರ್ತೆದಾರರು ಇದನ್ನೇ ಉದಾಹರಣೆ ಕೊಡುತ್ತಾರೆ.

ನಿಷೇಧದ ನೆರಳಿನಲ್ಲಿ ಸಾವು

ಅಗ್ಗದ ಮದ್ಯ ಒಂದು ಕಡೆ ನಿಂತಾಗ ಕಳ್ಳಭಟ್ಟಿ ಇನ್ನೊಂದು ಕಡೆ ಏಳುತ್ತದೆ. 2008ರ ಮೇ ತಿಂಗಳಲ್ಲಿ, ಸಾರಾಯಿ ನಿಷೇಧವಾಗಿ ವರ್ಷ ತುಂಬುವ ಮೊದಲೇ, ಬೆಂಗಳೂರು, ಕೋಲಾರ ಮತ್ತು ಕೃಷ್ಣಗಿರಿ ಕಡೆಗಳಲ್ಲಿ ವಿಷಮದ್ಯದಿಂದ 150ಕ್ಕೂ ಹೆಚ್ಚು ಜನ ಸತ್ತರು. 2000ದಲ್ಲಿ ಕೇರಳದ ಕಲ್ಲುವಾತುಕ್ಕಲ್‌ನಲ್ಲಿ, 2010ರಲ್ಲಿ ಮಲಪ್ಪುರಂನಲ್ಲಿ, 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಇದೇ ನಡೆಯಿತು. ಕಳ್ಳಕುರಿಚಿಯಲ್ಲಿ ಸತ್ತವರ ಸಂಖ್ಯೆ 60 ದಾಟಿತು.

ಇಂಥ ಸಾವುಗಳ ಹಿಂದೆ ಇರುವ ವಿಷ ಮೆಥನಾಲ್. ಕುಡಿದ ಕೆಲವು ಗಂಟೆಗಳ ಮೇಲೆ ಹೊಟ್ಟೆನೋವು, ವಾಂತಿ, ಉಬ್ಬಸ, ಕಣ್ಣು ಮಂಜಾಗುವುದು ಕಂಡರೆ ಮನೆಮದ್ದು ಮಾಡುತ್ತಾ ಕೂರಬಾರದು. ಕೂಡಲೇ ಡಯಾಲಿಸಿಸ್ ಇರುವ ಆಸ್ಪತ್ರೆಗೆ ಒಯ್ಯಬೇಕು. ಜೊತೆಗೆ ಕುಡಿದವರು ಚೆನ್ನಾಗಿದ್ದಂತೆ ಕಂಡರೂ ಅವರನ್ನೂ ತೋರಿಸಬೇಕು. ಕೇಸಿನ ಭಯಕ್ಕೆ ಮುಚ್ಚಿಟ್ಟರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ.

ಗಡಿಯವರು ನೆನಪಿಡಬೇಕಾದವು

* ಒಂದು ರಾಜ್ಯದಲ್ಲಿ ಸುಂಕ ಕಟ್ಟಿದ ಬಾಟಲಿ ಗಡಿಯಾಚೆಗೆ ಸುಂಕ ಕಟ್ಟದ ಮದ್ಯವಾಗುತ್ತದೆ. ಬಿಲ್ಲು ಇದ್ದರೂ ಪರವಾನಗಿ ಇಲ್ಲದೆ ಒಯ್ಯಬೇಡಿ. ವಾಹನವನ್ನೂ ಜಪ್ತಿ ಮಾಡುವ ಅಧಿಕಾರ ಅಬಕಾರಿಯವರಿಗಿದೆ.
* ಮದುವೆ, ಕೋಲ, ಜಾತ್ರೆಗೆ ನೆಂಟರು ತರುವ ಬಾಟಲಿಗೂ ಇದೇ ನಿಯಮ.
* ಮರ ನಿಮ್ಮದಾದರೂ ಕಳ್ಳು ಇಳಿಸಲು ಅನುಮತಿ ಬೇಕು.
* ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂದು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 20,000ದವರೆಗೆ ಜನಸಂಖ್ಯೆಯಿರುವ ಊರುಗಳಿಗೆ 2017ರ ಮಾರ್ಚಿನಲ್ಲಿ ಅದನ್ನು 220 ಮೀಟರಿಗೆ ಇಳಿಸಿತು. ಪುರಸಭೆ ವ್ಯಾಪ್ತಿಗೆ ಆಮೇಲೆ ವಿನಾಯಿತಿ ಸಿಕ್ಕಿತು. ನಿಮ್ಮೂರಿನ ಅಂಗಡಿಯ ಬಗ್ಗೆ ದೂರು ಕೊಡುವ ಮೊದಲು ಊರು ಯಾವ ವ್ಯಾಪ್ತಿಯದೆಂದು ನೋಡಿಕೊಳ್ಳಿ.
* ಅಬಕಾರಿ ನೀತಿ ಆಗಾಗ ಬದಲಾಗುತ್ತದೆ. ಹೋದ ವರ್ಷದ ನಿಯಮ ಈ ವರ್ಷಕ್ಕೂ ಇದೆಯೆಂದು ನಂಬದೆ ಹತ್ತಿರದ ಅಬಕಾರಿ ಕಚೇರಿಯಲ್ಲಿ ಕೇಳಿ.

ಮರ ಹತ್ತುವವನಿಗೆ ಬೇಕಿರುವುದು ದಿನದ ಕೂಲಿ, ಬಿದ್ದರೆ ಪರಿಹಾರ, ಕಸುಬಿಗೆ ಮಾನ್ಯತೆ. ಬಾರಿನವನಿಗೆ ಬೇಕಿರುವುದು ಕಟ್ಟಿದ ಲೈಸೆನ್ಸ್ ಹಣಕ್ಕೆ ತಕ್ಕ ವ್ಯಾಪಾರ. ಮನೆಯ ಹೆಂಗಸಿಗೆ ಬೇಕಿರುವುದು ಗಂಡನ ಕೂಲಿ ಮನೆಗೆ ಬರುವುದು. ಈ ಮೂವರ ಮಾತನ್ನೂ ಒಟ್ಟಿಗೆ ಕೇಳಿದ ನೀತಿ ಗಡಿಯ ಯಾವ ಕಡೆಯೂ ಇನ್ನೂ ಬಂದಿಲ್ಲ.